ಸದರಿ ಮೀನು

ಹೊನ್ನಾಳಿ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಆತುಕೊಂಡು ಮೂರು ಮೇಜುಗಳಿವೆ. ಮೊದಲ ಮೇಜಿನವರು ಅರ್ಜಿ ಬರೆಯುತ್ತಾರೆ. ಎರಡನೆಯವರು ಅರ್ಜಿ ಬರೆದು, ಜೊತೆಗೆ ಒಳಗೆ ಯಾರನ್ನು ಹಿಡಿಯಬೇಕು ಎಂಬುದನ್ನೂ ಹೇಳುತ್ತಾರೆ. ಮೂರನೆಯದು ರುದ್ರಮುನಿ ಮಾವನದು. ಮೂವತ್ತೆರಡು ವರ್ಷಗಳಿಂದ ಅವರು ಪತ್ರ ಬರಹಗಾರರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು, ಏನು ಬೇಕಾದರೂ ಬರೆಯುತ್ತಾರೆ. ಒಳಗಿನ ಸುದ್ದಿ ಮಾತ್ರ ಅವರಿಗೆ ಗೊತ್ತಿಲ್ಲ, ಆದ್ದರಿಂದ ಅವರ ಮುಂದೆ ಸಾಲು ಯಾವಾಗಲೂ ಚಿಕ್ಕದು.

ಅವರು ನನ್ನ ಸ್ವಂತ ಮಾವನಲ್ಲ, ನಮ್ಮ ಬೀದಿಯವರು. ಎದುರಿಗೆ ಇರುವ ‘ಮೇಘಶ್ರೀ ಜೆರಾಕ್ಸ್’ ನನ್ನದು, ಹೆಸರೂ ನನ್ನದೇ. ಎಲ್ಲಾ ಆನ್‌ಲೈನ್ ಆದಮೇಲೆ ಮಾವ ಬಾಯಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಹೇಳುವುದೆಂದರೆ ಸುಮ್ಮನೆ ಹೇಳುವುದಲ್ಲ. ಅಲ್ಪವಿರಾಮ, ಪೂರ್ಣವಿರಾಮ ಸಮೇತ ಹೇಳುತ್ತಾರೆ. ನಾನು ಒಂದು ಪದ ಬಿಟ್ಟರೆ ನನ್ನ ಕಡೆ ನೋಡುವುದಿಲ್ಲ, ಆಕಾಶ ನೋಡುತ್ತಾರೆ. ಅದನ್ನು ಸಹಿಸಿಕೊಂಡು ಏಳು ವರ್ಷ ಆಯಿತು. ನನ್ನ ತಾಳ್ಮೆಗೆ ಯಾರೂ ಒಂದು ಶಾಲು ಹೊದಿಸಿಲ್ಲ.

ಪತ್ರದ ಭಾಷೆ ಅವರ ಮೈಗೆ ಹತ್ತಿಬಿಟ್ಟಿದೆ. ಶಿವಗಂಗಮ್ಮತ್ತೆ ಸಂತೆಗೆ ಕಳಿಸಿದರೆ ಚೀಟಿಯಲ್ಲಿ ‘ಈರುಳ್ಳಿ ಎರಡು ಕಿಲೋ, ಅಕ್ಷರದಲ್ಲಿ ಎರಡು ಕಿಲೋ ಮಾತ್ರ’ ಎಂದು ಬರೆದುಕೊಂಡು ಹೋಗುತ್ತಾರೆ. ನನ್ನ ಅಂಗಡಿಯಲ್ಲಿ ಕೊಡೆ ಮರೆತು ಹೋದರೆ ಫೋನು ಮಾಡಿ, ‘ಸದರಿ ಕೊಡೆ ಮೇಜಿನ ಉತ್ತರಕ್ಕೆ ಐತೆ, ಎತ್ತಿಡಮ್ಮ’ ಅನ್ನುತ್ತಾರೆ. ನಗು ಬರುತ್ತದೆ, ಆದರೆ ಅವರನ್ನು ಪೂರ್ತಿ ನಗೆಪಾಟಲು ಮಾಡಲು ನನಗೆ ಮನಸ್ಸಾಗುವುದಿಲ್ಲ. ಒಮ್ಮೆ ಇಬ್ಬರು ಗಂಡುಮಕ್ಕಳು ಮುದುಕ ತಂದೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಉಯಿಲು ಬರೆಸಲು ಬಂದಿದ್ದರು. ಮಾವ ಕಾರಿನ ಹತ್ತಿರ ಹೋಗಿ ಮಾತಾಡಿಸಿದರು. ಆ ಮುದುಕ, ‘ನಮ್ಮವ್ವ ಎಲ್ಲಿ, ಇನ್ನೂ ಹೊಲದಿಂದ ಬರಲಿಲ್ವಾ’ ಎಂದು ಕೇಳಿದ. ಮಾವ ವಾಪಸ್ ಬಂದು ಪೆನ್ನಿನ ಕ್ಯಾಪು ಹಾಕಿ, ‘ಸ್ವಸ್ಥ ಬುದ್ಧಿಯಿಂದ ಅಂತ ನಾನು ಬರಿಯಾಕೆ ಆಗಲ್ಲ’ ಅಂದುಬಿಟ್ಟರು. ಮಕ್ಕಳು ಬೈದುಕೊಂಡು ಎರಡನೇ ಮೇಜಿಗೆ ಹೋದರು. ಮಾವನ ಕೈಯಿಂದ ಸುಳ್ಳು ಹೊರಡುವುದಿಲ್ಲ. ಬಾಯಿಂದ ಅಲ್ಪಸ್ವಲ್ಪ ಹೊರಡುತ್ತದೆ, ಅದು ಶಿವಗಂಗಮ್ಮತ್ತೆಯ ಮುಂದೆ ಮಾತ್ರ.

ಈಗ ಮೀನಿನ ವಿಷಯ.

ಐದು ವರ್ಷದ ಹಿಂದೆ ಅವರು ಹೊಸ ಮನೆ ಕಟ್ಟಿಸಿದಾಗ ಅತ್ತೆಯ ಅಣ್ಣ, ನಲ್ಲೂರಿನ ಮಹೇಶ್ವರಪ್ಪ, ಗೃಹಪ್ರವೇಶಕ್ಕೆ ಮೂರಡಿ ಉದ್ದದ ಗಾಜಿನ ತೊಟ್ಟಿ ತಂದುಕೊಟ್ಟರು. ಈಶಾನ್ಯದಲ್ಲಿ ನೀರು ಆಡುತ್ತಿದ್ದರೆ ಮನೆಗೆ ಒಳ್ಳೆಯದೆಂದು ಅವರಿಗೆ ಯಾರೋ ಹೇಳಿದ್ದರಂತೆ. ಅದರಲ್ಲಿ ಆರು ಬಣ್ಣದ ಮೀನುಗಳು ಮತ್ತು ಗಾಜಿನ ಪಾಚಿ ತಿಂದು ಸ್ವಚ್ಛ ಮಾಡಲೆಂದು ಬೆರಳುದ್ದದ ಒಂದು ಕಪ್ಪು ಮೀನು. ಅಂಗಡಿಯವರು ಅದಕ್ಕೆ ‘ಕ್ಲೀನರ್’ ಅನ್ನುತ್ತಾರೆ. ಬಣ್ಣದವು ಒಂದೇ ವರ್ಷದಲ್ಲಿ ಒಂದೊಂದಾಗಿ ತೀರಿಕೊಂಡವು. ಕ್ಲೀನರ್ ಉಳಿಯಿತು. ಉಳಿದದ್ದಲ್ಲದೆ ಬೆಳೆಯಿತು. ಸೌತೆಕಾಯಿ, ಕುಂಬಳಕಾಯಿ, ಪಾಲಕ್ ಸೊಪ್ಪು ತಿಂದು ತಿಂದು ನನ್ನ ಮೊಣಕೈಯಿಂದ ಬೆರಳ ತುದಿವರೆಗೆ ಆಯಿತು. ಮೈಯೆಲ್ಲ ಗಟ್ಟಿ ಚಿಪ್ಪು, ಮೇಲೆ ಹುಳ ಹರಿದಂಥ ಗೆರೆ, ಹೊಟ್ಟೆಯ ಕಡೆ ಬಾಯಿ. ಆ ಬಾಯನ್ನು ಗಾಜಿಗೆ ಅಂಟಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ಒಂದೇ ಕಡೆ ಕೂತಿರುತ್ತಿತ್ತು. ಕೂತಲ್ಲಿಂದ ಏಳುವುದಿಲ್ಲ, ಬಂದವರ ಕಡೆ ನೋಡುವುದಿಲ್ಲ, ಕೊಟ್ಟರೆ ತಿನ್ನುತ್ತದೆ. ಇಷ್ಟು ಗುಣ ಕಂಡು ಮಾವ ಅದಕ್ಕೆ ‘ಸಾಹೇಬ್ರು’ ಎಂದು ಹೆಸರಿಟ್ಟರು.

ಮಾವನಿಗೆ ಸಾಹೇಬ್ರೆಂದರೆ ಜೀವ. ಮಕ್ಕಳಿಲ್ಲದ ಮನೆ, ಇರುವ ಇಬ್ಬರಲ್ಲಿ ಒಬ್ಬರು ಟಿವಿ ನೋಡುತ್ತಾರೆ. ಸಂಜೆ ಮನೆಗೆ ಬಂದವರೇ ಕುರ್ಚಿಯನ್ನು ಗಾಜಿನ ಎದುರು ಎಳೆದುಕೊಂಡು ಆ ದಿನ ಬರೆದ ಪತ್ರಗಳನ್ನೆಲ್ಲ ಅದಕ್ಕೆ ಹೇಳುತ್ತಿದ್ದರು. ಅಷ್ಟು ಸಾವಧಾನವಾಗಿ ಕೇಳುವವರು ಹೊನ್ನಾಳಿಯಲ್ಲಿ ಬೇರೆ ಯಾರಿದ್ದರು? ‘ನನ್ನ ದನಿ ಗೊತ್ತಾಗ್ತೈತೆ ಕಣಮ್ಮ ಮೇಘಾ, ನಾನು ಬಂದ್ರೆ ರೆಕ್ಕೆ ಆಡಿಸ್ತೈತೆ’ ಎಂದು ನನಗೆ ಹೇಳುತ್ತಿದ್ದರು. ನಾನು ಹೋದಾಗಲೂ ಆಡಿಸುತ್ತಿತ್ತು. ಹೇಳಲಿಲ್ಲ.

ಕೊನೆಕೊನೆಗೆ ಸಾಹೇಬ್ರಿಗೆ ತೊಟ್ಟಿಯಲ್ಲಿ ತಿರುಗಲು ಜಾಗ ಸಾಲದಾಯಿತು. ತಿರುಗಿದರೆ ಬಾಲ ಮುಚ್ಚಳಕ್ಕೆ ಬಡಿದು ಅರ್ಧ ಬಕೆಟ್ ನೀರು ಟಿವಿಯ ಮೇಲೆ. ನೀರು ಎರಡೇ ದಿನಕ್ಕೆ ವಾಸನೆ. ಕಳೆದ ಆಷಾಢದಲ್ಲಿ ಶಿವಗಂಗಮ್ಮತ್ತೆ ಅಂತಿಮ ಆದೇಶ ಹೊರಡಿಸಿದರು.

‘ಶ್ರಾವಣದಾಗೆ ಅಯ್ಯನೋರು ಪಾದಪೂಜೆಗೆ ಬರ್ತಾರೆ. ಈ ನಾತದಾಗೆ ಅವರನ್ನ ಕೂರ್ಸಾಕೆ ಆಗ್ತೈತೇನ್ರೀ? ಅಷ್ಟರೊಳಗೆ ಅದು ಮನೆಯಿಂದ ಹೋಗ್ಬೇಕು.’

‘ಅದು ಅನ್ಬೇಡ ಕಣೇ.’

‘ಸಾಹೇಬ್ರು ವರ್ಗ ಆಗ್ಬೇಕು, ಸರೀನಾ?’

ಮಾವ ಶಿವಮೊಗ್ಗದ ಮೀನಿನ ಅಂಗಡಿಗೆ ಫೋನು ಮಾಡಿದರು. ‘ವಾಪಸ್ ತಗಳಲ್ಲ ಸಾರ್, ಈಗ್ಲೇ ಆರು ಬಂದು ಕೂತಾವೆ’ ಎಂದು ಅವರು ಫೋನು ಇಟ್ಟರು. ಇನ್ನು ಉಳಿದದ್ದು ಯಾರಿಗಾದರೂ ಕೊಡುವುದು. ಇಲ್ಲಿ ಮಾವನಿಗೆ ಒಂದೇ ಒಂದು ಭಯ ಶುರುವಾಯಿತು: ತೆಗೆದುಕೊಂಡವರು ತಿಂದುಬಿಟ್ಟರೆ? ಮೊಟ್ಟೆ ಕೂಡ ಕಾಣದ ಮನೆಯಲ್ಲಿ ಐದು ವರ್ಷ ಸೌತೆಕಾಯಿ ತಿಂದು ಬೆಳೆದ ಜೀವ ಯಾರದೋ ಸಾರಿಗೆ ಬೀಳುವುದೆಂದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಅವರನ್ನು ಸಮಾಧಾನ ಮಾಡುವುದಕ್ಕೆ ಒಂದು ದಾರಿ ಮಾತ್ರ ಇತ್ತು, ಅದು ಛಾಪಾ ಕಾಗದ.

ನ್ಯಾಮತಿ ಕಡೆಯ ಪರಮೇಶ್ ತನ್ನ ಕೃಷಿ ಹೊಂಡಕ್ಕೆ ಬಿಟ್ಟುಕೊಳ್ಳುತ್ತೇನೆಂದು ಬಂದ. ಒಳ್ಳೆಯ ಹುಡುಗ, ಹೊಂಡದಲ್ಲಿ ನೀರಿತ್ತು, ಮನಸ್ಸೂ ಇತ್ತು. ಮಾವ ನನ್ನ ಅಂಗಡಿಯಲ್ಲಿ ಅವನನ್ನು ಕೂರಿಸಿಕೊಂಡು ದಾನಪತ್ರ ಹೇಳತೊಡಗಿದರು. ನಾನು ಟೈಪ್ ಮಾಡಿದೆ. ಆ ಕಡತ ನನ್ನ ಕಂಪ್ಯೂಟರಿನಲ್ಲಿ ಈಗಲೂ ಇದೆ:

‘ಸದರಿ ಮೀನನ್ನು ದಾನಗ್ರಾಹಿಯಾಗಲಿ, ಅವರ ವಾರಸುದಾರರಾಗಲಿ, ಅವರ ನೆಂಟರಿಷ್ಟರಾಗಲಿ ಬೇಯಿಸತಕ್ಕದ್ದಲ್ಲ, ಹುರಿಯತಕ್ಕದ್ದಲ್ಲ, ಒಣಗಿಸತಕ್ಕದ್ದಲ್ಲ, ಬೇಯಿಸುವ, ಹುರಿಯುವ ಅಥವಾ ಒಣಗಿಸುವ ಉದ್ದೇಶವುಳ್ಳ ಮೂರನೆಯವರಿಗೆ ಪರಭಾರೆ ಮಾಡತಕ್ಕದ್ದಲ್ಲ. ಸದರಿ ಮೀನು ಸ್ವಾಭಾವಿಕ ಮರಣ ಹೊಂದಿದಲ್ಲಿಯೂ ಮೇಲ್ಕಂಡ ಷರತ್ತು ಊರ್ಜಿತದಲ್ಲಿರತಕ್ಕದ್ದು.’

ನಾಲ್ಕು ಪುಟ ಆಯಿತು. ಪರಮೇಶ್ ಓದಿದ. ಓದುತ್ತಾ ಓದುತ್ತಾ ಅವನ ಮುಖ ಸಣ್ಣದಾಯಿತು.

‘ರುದ್ರಮುನಿಯಣ್ಣ, ನನ್ನ ಮಗ ಇನ್ನೂ ಅಂಗನವಾಡಿ. ಅವನ ಮಕ್ಕಳನ್ನೂ ಈಗ್ಲೇ ಕಟ್ಟಿ ಹಾಕ್ತೀರಲ್ರೀ.’

‘ಸಹಿ ಹಾಕಾಕೆ ಏನಪ್ಪ ಭಯ, ತಿನ್ನಲ್ಲ ಅಂದಮ್ಯಾಲೆ?’

‘ತಿನ್ನಲ್ಲ. ಆದ್ರೆ ಕಾಗೆ ಎತ್ಕೊಂಡು ಹೋದ್ರೆ ನಾನು ಕೋರ್ಟಿಗೆ ಬರ್ಬೇಕಾಗ್ತೈತಲ್ಲ?’

‘ಅದಕ್ಕೂ ಒಂದು ಕಲಂ ಹಾಕಾಣ’ ಅಂದರು ಮಾವ. ಪರಮೇಶ್ ಟೀ ಕುಡಿದು ಬರುತ್ತೇನೆಂದು ಹೋದವನು ಇವತ್ತಿಗೂ ಟೀ ಕುಡಿಯುತ್ತಿದ್ದಾನೆ. ಅವನ ನಂತರ ಬಂದ ಮೂವರೂ ಮೊದಲ ಪುಟದಲ್ಲೇ ಎದ್ದರು. ನನಗೆ ಸಿಟ್ಟು ಬಂದು, ‘ಮಾವಾ, ಮೀನು ಕೊಡ್ತೀರೋ ಸೈಟು ಕೊಡ್ತೀರೋ’ ಎಂದು ಕೇಳಿಯೇಬಿಟ್ಟೆ. ಆಕಾಶ ನೋಡಿದರು.

ಶ್ರಾವಣಕ್ಕೆ ಒಂದು ವಾರ ಇತ್ತು. ಮನುಷ್ಯರ ಮೇಲೆ ನಂಬಿಕೆ ಹೋದಮೇಲೆ ನೀರಿಗೇ ಬಿಡುವುದೆಂದು ಮಾವ ತೀರ್ಮಾನಿಸಿದರು. ಊರಿನ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಹತ್ತು ನಿಮಿಷದ ಕೆಲಸ. ಆದರೆ ಮಾವ ಹೊಳೆಗೆ ಒಪ್ಪಲಿಲ್ಲ.

‘ಹೊಳಿಗೆ ಚಕ್ಕುಬಂದಿ ಇಲ್ಲ ಕಣಮ್ಮ. ಇವತ್ತು ಇಲ್ಲಿ ಬಿಟ್ರೆ ನಾಳೆ ಹರಿಹರ, ನಾಡಿದ್ದು ಹೊಸಪೇಟೆ ಡ್ಯಾಮು. ಎಲ್ಲಿ ಅಂತ ಹುಡುಕಾದು? ಕೆರೆ ಅಂದ್ರೆ ಸರ್ವೆ ನಂಬರ್ ಐತೆ, ನಾಕು ದಿಕ್ಕಿಗೂ ಗಡಿ ಐತೆ.’

ನಾಲ್ಕು ದಿಕ್ಕಿನ ಗಡಿ ಗೊತ್ತಿರದ ಯಾವುದನ್ನೂ ಅವರು ಜೀವನದಲ್ಲಿ ನಂಬಿದವರಲ್ಲ. ಸವಳಂಗದ ದಾರಿಯಲ್ಲಿ ಒಂದು ಕೆರೆಯನ್ನು ಆರಿಸಿದರು. ಅದರ ಪಹಣಿಯನ್ನೂ ತೆಗೆಸಿದರು, ನನ್ನ ಅಂಗಡಿಯಲ್ಲೇ.

ಸೋಮವಾರ ಬೆಳಿಗ್ಗೆ ಹೊರಟೆವು. ಮಾವನಿಗೆ ಗಾಡಿ ಬರುವುದಿಲ್ಲ, ಆದ್ದರಿಂದ ನನ್ನ ಸ್ಕೂಟಿ. ಹಿಂದೆ ಅವರು, ಅವರ ತೊಡೆಯ ಮೇಲೆ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್, ಅದರೊಳಗೆ ಸಾಹೇಬ್ರು, ಮೇಲೆ ಒದ್ದೆ ಟವೆಲ್. ಶಿವಗಂಗಮ್ಮತ್ತೆ ಗೇಟಿನವರೆಗೂ ಬರಲಿಲ್ಲ. ಅಡುಗೆಮನೆಯಿಂದ ಒಂದು ಡಬ್ಬಿಯಲ್ಲಿ ಸೌತೆಕಾಯಿ ಹೋಳು ಕೊಟ್ಟು ಕಳಿಸಿದರು, ‘ದಾರಿಗೆ’ ಎಂದು. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಬೆನ್ನಿಗೆ ಒಂದು ಚೊಂಬು ಮೀನಿನ ನೀರು. ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಪರಿಚಯದವರು ನಿಲ್ಲಿಸಿ, ‘ಏನ್ರೀ ಬಕೆಟ್‌ನಾಗೆ, ತುಪ್ಪಾನಾ?’ ಎಂದು ಟವೆಲ್ ಎತ್ತಿದರು. ಎತ್ತಿದಷ್ಟೇ ಬೇಗ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಮಾವನಿಗೆ ಬೇಜಾರಾಯಿತು. ತಮ್ಮವರ ರೂಪದ ಬಗ್ಗೆ ಬೇರೆಯವರು ಮುಖ ಕಿವುಚುವುದು ಯಾರಿಗೂ ಇಷ್ಟವಾಗುವುದಿಲ್ಲ.

ಕೆರೆಯ ಮೆಟ್ಟಿಲಿನಲ್ಲಿ ಮಾವ ನೀರಿಗೆ ವಿಭೂತಿ, ಹೂವು ಹಾಕಿದರು, ಕಾಯಿ ಒಡೆದರು. ಆಮೇಲೆ ಬಕೆಟ್ಟಿಗೆ ಬಗ್ಗಿ ಚಕ್ಕುಬಂದಿ ಓದಿದರು. ಪೂರ್ವಕ್ಕೆ ಡಾಂಬರು ರಸ್ತೆ, ಪಶ್ಚಿಮಕ್ಕೆ ಸರ್ಕಾರಿ ಬೀಳು, ಉತ್ತರಕ್ಕೆ ಬೈಲಪ್ಪನ ಜಮೀನು, ದಕ್ಷಿಣಕ್ಕೆ ಕೆರೆ ಕೋಡಿ. ‘ಇದರ ಒಳಗೇ ಇರಬೇಕು, ತಿಳೀತಾ?’

ನೀರಿಗೆ ಬಿಟ್ಟರೆ ಸಾಹೇಬ್ರು ಹೋಗಲಿಲ್ಲ. ಮೊಳಕಾಲುದ್ದದ ನೀರಿನಲ್ಲಿ ಮೆಟ್ಟಿಲಿನ ಕಲ್ಲಿಗೆ ಬಾಯಿ ಅಂಟಿಸಿಕೊಂಡು ಕೂತರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನನಗೆ ಅಂಗಡಿ ತೆಗೆಯಬೇಕಿತ್ತು. ಮಾವ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಬೆನ್ನಿನ ಮೇಲೆ ಎರಡು ಬೆರಳಿಟ್ಟು, ‘ಹೋಗಪ್ಪ, ದೊಡ್ಡ ಜಾಗ ಐತೆ, ತಿರುಗಾಡು ಹೋಗು’ ಅಂದರು. ಒಂದು ಸಲ ಬಾಲ ಬಡಿದು ಹೋಗಿಬಿಟ್ಟಿತು. ಮಾವ ಅಲ್ಲೇ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. ಆ ಕ್ಷಣದಲ್ಲಿ ನಾವಿಬ್ಬರೂ ಬಹಳ ದೊಡ್ಡ ಪುಣ್ಯದ ಕೆಲಸ ಮಾಡಿದ್ದೇವೆಂದೇ ನಂಬಿದ್ದೆವು.

ಪಾದಪೂಜೆ ಚೆನ್ನಾಗಿ ಆಯಿತು. ತೊಟ್ಟಿ ಇದ್ದ ಜಾಗದಲ್ಲಿ ಅಯ್ಯನವರ ಕುರ್ಚಿ. ಅಯ್ಯನವರು ಹೋದಮೇಲೆ ಅದೇ ಜಾಗ ಬೋಳು. ಮಾವ ಸಂಜೆ ಬಂದು ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು ಗೋಡೆಗೆ ಎದುರಾಗಿ ಕೂರುತ್ತಿದ್ದರು. ರಜೆಯ ದಿನ ಬಸ್ ಹತ್ತಿ ಕೆರೆಗೆ ಹೋಗಿ, ಮೆಟ್ಟಿಲಿನ ಮೇಲೆ ಸೌತೆಕಾಯಿ ಇಟ್ಟು ಬರುತ್ತಿದ್ದರು. ಯಾವುದೋ ಆಡು ತಿನ್ನುತ್ತಿತ್ತು.

ಭಾದ್ರಪದದಲ್ಲಿ ಚೌಡಕ್ಕ ಬಂದಳು. ಆ ಕೆರೆಯನ್ನು ಮೀನು ಸಾಕಲು ಗುತ್ತಿಗೆ ಹಿಡಿದಿರುವ ಮೀನುಗಾರ ಹೆಣ್ಣುಮಕ್ಕಳ ಸಂಘದ ಮುಖ್ಯಸ್ಥೆ. ಎತ್ತರದ ಹೆಂಗಸು, ದನಿಯೂ ಎತ್ತರ. ಎರಡನೇ ಮೇಜಿನವರನ್ನು ದಾಟಿ ನೇರ ಮಾವನ ಎದುರು ಕೂತು, ‘ನೀವು ಸುಳ್ಳು ಬರಿಯಲ್ಲ ಅಂತಾರೆ, ಅದಕ್ಕೇ ನಿಮ್ಮ ಹತ್ರ ಬಂದೆ. ಮೀನುಗಾರಿಕೆ ಇಲಾಖೆಗೆ ಒಂದು ಅರ್ಜಿ ಬರೀರಿ’ ಅಂದಳು. ಅರ್ಜಿಯ ಜೊತೆ ಲಗತ್ತಿಸಲು ಫೋಟೋ ತಂದಿದ್ದಳು. ನಾನು ಪ್ರಿಂಟ್ ತೆಗೆದೆ. ಮೊದಲ ಫೋಟೋ, ಹರಿದ ಬಲೆ. ಎರಡನೆಯದು, ಬಲೆಯಲ್ಲಿ ಸಿಕ್ಕಿಕೊಂಡ ಒಂದು ಕಪ್ಪು ಮೀನು, ಮೈಯೆಲ್ಲ ಹುಳ ಹರಿದಂಥ ಗೆರೆ.

ಪ್ರಿಂಟನ್ನು ಮಾವನ ಮುಂದೆ ಇಟ್ಟೆ. ಮಾವ ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು.

‘ಇದನ್ನ ತಿಂದ್ರಾ?’

ಚೌಡಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ‘ಇದನ್ಯಾರು ತಿಂತಾರ್ರೀ? ಕತ್ತಿ ಇಟ್ರೆ ಕತ್ತೀನೇ ಬಗ್ಗತೈತೆ. ನಾಯಿ ಕೂಡ ಮೂಸಿ ನೋಡಲಿಲ್ಲ.’

ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ. ಎರಡು ತಿಂಗಳ ಭಾರ ಇಳಿದಂತೆ ಉಸಿರು ಬಿಟ್ಟರು. ಆ ಉಸಿರು ಮುಗಿಯುವ ಮೊದಲೇ ಚೌಡಕ್ಕ ಮುಂದುವರಿಸಿದಳು.

‘ತಿನ್ನೋ ಹಂಗಿದ್ರೆ ಏನು ಕಷ್ಟ ಇತ್ತು? ನಾವು ಬಿಟ್ಟ ಮರಿ ಹಿಡಿಯಾಕೆ ಬಲೆ ಹಾಕಿದ್ರೆ ಇವು ಮುಳ್ಳು ಬಿಚ್ಕೊಂಡು ಬಲೆ ಸೀಳ್ತಾವೆ. ನಾಟಿ ಮೀನಿನ ಮೊಟ್ಟೆ ಇದ್ದ ಕಡೆ ಕೆರೆದು ಕೆರೆದು ತಿಂತಾವೆ. ಏರಿಗೆ ತೂತು ಹೊಡೀತಾವಂತೆ, ಇಲಾಖೆಯೋರೇ ಹೇಳಿದ್ರು. ಹನ್ನೆರಡು ಹೆಣ್ಮಕ್ಕಳು ಈ ಕೆರೆ ನಂಬ್ಕೊಂಡೀವಿ. ಯಾರೋ ಮನೆಯಾಗೆ ಸಾಕಿ, ಬ್ಯಾಸರ ಆದಮ್ಯಾಲೆ ತಂದು ಸುರುವಿ ಹೋಗಿದಾರೆ. ಬರೀರಿ, ಯಾರೋ ಅಪರಿಚಿತ ಕಿಡಿಗೇಡಿಗಳು ಅಂತ.’

ಮಾವ ಪೆನ್ನು ಹಿಡಿದರು. ‘ವಿಷಯ’ ಬರೆದರು, ‘ಮಾನ್ಯರೇ’ ಬರೆದರು, ಕೆರೆಯ ಸರ್ವೆ ನಂಬರನ್ನು ಕೇಳದೆಯೇ ಬರೆದರು. ಚೌಡಕ್ಕ ಮೆಚ್ಚಿ ತಲೆಯಾಡಿಸಿದಳು. ನಾಲ್ಕು ದಿಕ್ಕಿನ ಗಡಿಯೂ ಬಂತು. ಆಮೇಲೆ ‘ಸದರಿ ಕೆರೆಗೆ’ ಎಂದು ಬರೆದ ಪೆನ್ನು ಅಲ್ಲೇ ನಿಂತಿತು. ನಾನು ಅಂಗಡಿಯ ಬಾಗಿಲಲ್ಲಿ ನಿಂತು, ಬರೆದುಬಿಡಿ ಮಾವ, ಅಪರಿಚಿತ ಅಂತ ಬರೆದುಬಿಡಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗಾಡಿ ಓಡಿಸಿದವಳು ನಾನಲ್ಲವೇ!

‘ಅಪರಿಚಿತ ಅಂತ ಬರಿಯಾಕೆ ಆಗಲ್ಲ ಚೌಡಕ್ಕ.’

‘ಯಾಕ್ರೀ?’

‘ಪರಿಚಯ ಐತೆ.’

ಎಂದವರೇ ಬರೆದರು, ಓದುತ್ತಾ ಬರೆದರು: ‘ಲಿಂಗೈಕ್ಯ ಪಂಚಾಕ್ಷರಪ್ಪನವರ ಮಗನಾದ ರುದ್ರಮುನಿ, ವಯಸ್ಸು ಐವತ್ತೆಂಟು ವರ್ಷ, ಪತ್ರ ಬರಹಗಾರರು, ವಾಸ ಹೊನ್ನಾಳಿ ಟೌನ್, ಇವರು ದಾನಪತ್ರಕ್ಕೆ ಸಹಿ ಹಾಕುವವರು ಯಾರೂ ಸಿಗದ ಕಾರಣ ಒಂದು ಮೀನನ್ನು ತಂದು ಬಿಟ್ಟಿರುತ್ತಾರೆ.’ ನನ್ನ ಹೆಸರು ಬರೆಯಲಿಲ್ಲ. ‘ಬಾಡಿಗೆ ರಹಿತ ವಾಹನದಲ್ಲಿ’ ಎಂದಷ್ಟೇ ಬರೆದರು.

ಚೌಡಕ್ಕ ಹಣೆ ಚಚ್ಚಿಕೊಂಡಳು. ಬೈಯುತ್ತಾಳೆಂದುಕೊಂಡೆ, ಬೈದಳು ಕೂಡ. ಕಚೇರಿಗೆ ಬಂದವರೆಲ್ಲ ತಿರುಗಿ ನೋಡುವ ಹಾಗೆ ಬೈದಳು. ಮಾವ ತಲೆ ತಗ್ಗಿಸಿಕೊಂಡು, ದಾನಪತ್ರದ ಕಥೆಯನ್ನೂ ತಮ್ಮ ಭಯವನ್ನೂ ಹೇಳಿದರು. ಕೇಳಿ ಅವಳ ದನಿ ಇಳಿಯಿತು.

‘ಅಲ್ರೀ ರುದ್ರಮುನಿಯಣ್ಣ, ಮೀನು ತಿನ್ನದಿರೋ ನೀವು ಮೀನು ಅಂದ್ರೆ ತಿನ್ನೋ ವಸ್ತು ಅಂತ್ಲೇ ತಿಳ್ಕಂಡೀರಲ್ರೀ? ಅದನ್ನ ಯಾರು ತಿಂದಾರು ಅಂತ ಎರಡು ತಿಂಗಳು ಚಿಂತಿ ಮಾಡೀರಿ. ಅದು ಏನು ತಿಂದೀತು ಅಂತ ಒಂದಿನ ಚಿಂತಿ ಮಾಡ್ಬಾರ್ದಾ?’

ಮೂವತ್ತೆರಡು ವರ್ಷ ಕಲಂ ಹಾಕಿದ ಮನುಷ್ಯನಿಗೆ ಈ ಒಂದು ಕಲಂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಮಾವ ಪೆನ್ನಿನ ಕ್ಯಾಪು ಹಾಕಿ, ‘ಈಗ ಅದು ಎಲ್ಲೈತೆ?’ ಎಂದು ಕೇಳಿದರು.

‘ಏರಿ ಮ್ಯಾಲೆ ಡ್ರಮ್ಮಿನಾಗೆ. ನಾಳೆ ಇಲಾಖೆಯೋರು ಬಂದು ನೋಡ್ತಾರೆ. ನೋಡಿದಮ್ಯಾಲೆ ಗುಂಡಿ ತೋಡಿ ಹೂಳಾದು. ನೀರಿಗಂತೂ ಮತ್ತೆ ಬಿಡಂಗಿಲ್ಲ.’

‘ನನಗೆ ಕೊಡಕ್ಕ. ಮನಿಗೆ ವಾಪಸ್ ಒಯ್ತೀನಿ.’

‘ಯಾವ ಹಕ್ಕಿನ ಮ್ಯಾಲೆ ಕೇಳ್ತೀರಿ?’

ಗುತ್ತಿಗೆ ಕೆರೆಯಲ್ಲಿರುವ ಮೀನು ಗುತ್ತಿಗೆದಾರರದು, ಅದನ್ನು ಮಾವನಿಗಿಂತ ಚೆನ್ನಾಗಿ ತಿಳಿದವರು ಯಾರು? ‘ಹಕ್ಕಿಲ್ಲ. ಬೇಡ್ಕೊಳ್ತೀನಿ’ ಅಂದರು. ಅವರು ಯಾರ ಮುಂದೆಯೂ ಹಾಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ.

ಚೌಡಕ್ಕ ಅವರನ್ನೇ ನೋಡಿ, ಕೊನೆಗೆ ತನ್ನ ಷರತ್ತು ಹೇಳಿದಳು. ಹರಿದ ಬಲೆಯನ್ನು ಮಾವನೇ ಕೂತು ಹೊಲಿಯಬೇಕು, ಎಷ್ಟು ಭಾನುವಾರ ಹಿಡಿದರೂ ಸರಿ. ಸಾಹೇಬ್ರು ಮನೆ ಬಿಟ್ಟು ಮತ್ತೆ ಯಾವ ನೀರಿಗೂ ಹೋಗಬಾರದು. ಮಾವ ತಕ್ಷಣ, ‘ಬರೆದು ಕೊಡ್ತೀನಿ’ ಅಂದರು. ‘ನಿಮ್ಮ ಕಾಗದ ನೀವೇ ಇಟ್ಕೊಳ್ರಿ, ಬಾಯಾಗೆ ಹೇಳ್ರಿ ಸಾಕು’ ಅಂದಳು ಚೌಡಕ್ಕ. ಬಾಯಿಮಾತಿನ ಕರಾರಿಗೆ ಮಾವ ಒಪ್ಪಿಕೊಂಡದ್ದು ಅದೇ ಮೊದಲು.

ಅಂಗಡಿಗೆ ಬೀಗ ಹಾಕಿ ಮತ್ತೆ ಸ್ಕೂಟಿ, ಮತ್ತೆ ಅದೇ ಪೇಂಟ್ ಬಕೆಟ್. ದಾರಿಯುದ್ದಕ್ಕೂ ಮಾವ ಹಿಂದಿನಿಂದ, ‘ಬಡವಾಗಿರ್ತೈತೆ ಕಣಮ್ಮ, ನನ್ನ ನೋಡಿದ್ರೆ ಸಾಕು ಅದಕ್ಕೆ’ ಅನ್ನುತ್ತಿದ್ದರು.

ಏರಿಯ ಮೇಲೆ ಅರ್ಧ ಕೊಯ್ದ ನೀಲಿ ಡ್ರಮ್ಮು ಇತ್ತು. ಬಗ್ಗಿ ನೋಡಿದೆವು. ಒಳಗೆ ಐದು ಮೀನುಗಳಿದ್ದವು. ಐದೂ ಕಪ್ಪು, ಐದಕ್ಕೂ ಹುಳದ ಗೆರೆ, ಐದೂ ಮೊಣಕೈ ಉದ್ದ. ಐದೂ ಡ್ರಮ್ಮಿನ ಗೋಡೆಗೆ ಬಾಯಿ ಅಂಟಿಸಿಕೊಂಡು ಯಾರ ಕಡೆಯೂ ನೋಡದೆ ಕೂತಿದ್ದವು.

‘ನೀವೊಬ್ರೇ ಅಲ್ಲ ಪುಣ್ಯಾತ್ಮರು’ ಅಂದಳು ಚೌಡಕ್ಕ. ‘ನಿಮ್ದು ಯಾವುದು, ತಗಳ್ರಿ.’

ಮಾವ ಕನ್ನಡಕ ಒರೆಸಿಕೊಂಡರು. ಒಂದು ಸುತ್ತು ಹಾಕಿದರು, ಪೂರ್ವದಿಂದ ನೋಡಿದರು, ಪಶ್ಚಿಮದಿಂದ ನೋಡಿದರು. ‘ಸಾಹೇಬ್ರೇ’ ಎಂದು ಮೆಲ್ಲಗೆ ಕರೆದರು. ಐವರಲ್ಲಿ ಒಬ್ಬರೂ ಅಲುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದರು. ಬಲೆ ಬಿಡಿಸುತ್ತಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ‘ಎಲ್ಲಾ ಒಯ್ಲೇನಕ್ಕ?’ ಎಂದು ಮಾವ ಕೇಳಿದರೆ, ಚೌಡಕ್ಕ, ‘ಎಲ್ಲಿ ಇಡ್ತೀರಿ, ಮನಿ ಬಿಟ್ಟುಕೊಡ್ತೀರಾ?’ ಅಂದಳು. ಅವಳು ಹೇಳಿದ್ದು ನಿಜ. ಒಂದಕ್ಕೇ ಜಾಗ ಇಲ್ಲದೆ ಇಷ್ಟೆಲ್ಲ ಆಗಿತ್ತು.

ಮಾವ ಸೌತೆಕಾಯಿ ಹೋಳು ಹಾಕಿ ನೋಡಿದರು, ಯಾರೂ ತಿನ್ನಲಿಲ್ಲ. ಚಕ್ಕುಬಂದಿ ಹೇಳಿ ನೋಡಿದರು, ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡರು. ನಾನು ನಗಲಿಲ್ಲ. ಕೊನೆಗೆ ಅಂಚಿನಲ್ಲಿದ್ದ ಒಂದು ಮೀನು ಬಲಗಡೆಯ ರೆಕ್ಕೆಯನ್ನು ಒಂದು ಸಲ ಆಡಿಸಿತು.

‘ಇದೇ! ನೋಡ್ದ್ಯಾ ಮೇಘಾ, ರೆಕ್ಕೆ ಆಡಿಸ್ತು, ಗುರುತು ಹಿಡೀತು!’ ಎಂದು ಮಾವ ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದವು. ಎರಡೂ ಕೈಯಿಂದ ಎತ್ತಿ ಬಕೆಟ್ಟಿಗೆ ಬಿಟ್ಟರು. ಮುಳ್ಳು ಚುಚ್ಚಿ ಹೆಬ್ಬೆರಳಿನಿಂದ ರಕ್ತ ಬಂತು, ಅದನ್ನೂ ಸಂತೋಷದಿಂದಲೇ ಚೀಪಿಕೊಂಡರು.

ಮನೆಗೆ ಬಂದಾಗ ಶಿವಗಂಗಮ್ಮತ್ತೆ ಹಿತ್ತಿಲಲ್ಲಿದ್ದರು. ನಡೆದದ್ದನ್ನೆಲ್ಲ ಮಾವ ಒಂದೇ ಉಸಿರಿಗೆ ಹೇಳಿದರು, ಗುಂಡಿಯ ವಿಷಯವನ್ನೂ ಹೇಳಿದರು. ಅತ್ತೆ ಟವೆಲ್ ಸರಿಸಿ ಬಕೆಟ್ಟಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ‘ಬಟ್ಟೆ ಒಗೆಯೋ ತೊಟ್ಟಿ ಖಾಲಿ ಮಾಡ್ತೀನಿ, ಅದಕ್ಕೆ ಬಿಡ್ರಿ. ಸಿಮೆಂಟಿಂದು, ಆರಡಿ ಐತೆ’ ಎಂದಷ್ಟೇ ಹೇಳಿ ಒಳಗೆ ಹೋದರು.

ಮಾವ ಈಗ ಭಾನುವಾರ ಏರಿಯ ಮೇಲೆ ಕೂತು ಬಲೆ ಹೊಲಿಯುತ್ತಾರೆ. ಮೊದಲ ವಾರ ಹಾಕಿದ ಗಂಟುಗಳನ್ನು ಚೌಡಕ್ಕ ಬಿಚ್ಚಿ ಎಸೆದಳಂತೆ. ಈಗ ಪರವಾಗಿಲ್ಲವಂತೆ, ಒಂದು ಮೊಳ ಹೊಲಿದರೆ ಅರ್ಧ ಮೊಳ ನಿಲ್ಲುತ್ತದಂತೆ. ಎರಡನೇ ಮೇಜಿನವರು ಈ ಸುದ್ದಿಯನ್ನು ಇಡೀ ತಾಲ್ಲೂಕಿಗೆ ಹಂಚಿದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ದಸರೆಯ ಹೊತ್ತಿಗೆ ಒಂದು ಸಂಜೆ ಪತ್ರದ ಪ್ರತಿ ಕೊಡಲು ಅವರ ಮನೆಗೆ ಹೋದೆ. ಮಾವ ಹಿತ್ತಿಲಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಅವತ್ತಿನ ವಿಭಾಗಪತ್ರವನ್ನು ವಿವರಿಸುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದರು. ನಾನು ಒಂದು ಹೋಳು ಬಾಯಿಗೆ ಹಾಕಿಕೊಂಡೆ.

‘ಇದು ನಮ್ದಲ್ಲ ಕಣೇ ಮೇಘಾ’ ಅಂದರು ಅತ್ತೆ, ಹೆಚ್ಚುವುದನ್ನು ನಿಲ್ಲಿಸದೆ.

ಸೌತೆಕಾಯಿ ಅಂದುಕೊಂಡೆ. ಅಲ್ಲ, ಅವರ ಕಣ್ಣು ಹಿತ್ತಿಲಿನ ಬಾಗಿಲ ಕಡೆ ಇತ್ತು.

‘ನಮ್ದಕ್ಕೆ ಬಾಲದ ಮ್ಯಾಲಿನ ತುದಿ ಇರಲಿಲ್ಲ. ಹೋದ ವರ್ಷ ಸಿಟ್ಟಿನಾಗೆ ಮುಚ್ಚಳ ಬಡಿದೆ, ಸಿಕ್ಕೊಂಡು ಹರೀತು. ಹದಿನೈದು ದಿನ ಅರಿಶಿನ ನೀರು ಹಾಕಿದ್ದೆ, ಇವ್ರಿಗೆ ಹೇಳಿರಲಿಲ್ಲ. ಐದು ವರ್ಷ ನೀರು ಬದಲಾಯಿಸಿದೋಳು ನಾನು, ಹೊಟ್ಟಿಗೆ ಹಾಕಿದೋಳು ನಾನು. ಇವ್ರು ಕತಿ ಹೇಳ್ತಿದ್ರು ಅಷ್ಟೇ. ಬಕೆಟ್‌ನಾಗೆ ನೋಡಿದ ಕೂಡ್ಲೇ ಗೊತ್ತಾತು.’

‘ಅವತ್ತೇ ಹೇಳಿದ್ರೆ ವಾಪಸ್ ಹೋಗಿ ತರ್ತಿದ್ವಲ್ಲತ್ತೆ? ಹೂಳೋದು ಮಾರನೇ ದಿನ ಇತ್ತು.’

‘ಹೇಳಾಕೆ ಬಾಯಿ ತೆಗೆದೆ ಕಣೇ. ಅದಕ್ಕೆ ಬದ್ಲು ಇದನ್ನ ಗುಂಡಿಗೆ ಕಳಿಸ್ಬೇಕಾಗ್ತಿತ್ತಲ್ಲ? ಅಷ್ಟೊತ್ತಿಗೆ ಇದು ನನ್ನ ನೋಡ್ತಾ ಇತ್ತು.’ ಅವರ ಕಣ್ಣಿನಿಂದ ನೀರು ಹಲಗೆಯ ಮೇಲೆ ಬಿತ್ತು. ಸೆರಗಿನಿಂದ ಒರೆಸಿಕೊಂಡು ಹೋಳುಗಳನ್ನು ತಟ್ಟೆಗೆ ಹಾಕಿದರು. ‘ಇದೂ ಯಾರೋ ಸಾಕಿದ್ದೇ. ಇವ್ರಿಗೆ ಹೇಳ್ಬೇಡ.’

ನಾನು ಹೇಳಿಲ್ಲ. ಛಾಪಾ ಕಾಗದದ ಮೇಲೆ ಇಲ್ಲದ್ದನ್ನು ಮಾವ ಓದುವವರೂ ಅಲ್ಲ.

ಅಷ್ಟರಲ್ಲಿ ಹಿತ್ತಿಲಿನಿಂದ ಕೂಗು ಬಂತು. ‘ಏನೇ, ಬಾರೇ ಇಲ್ಲಿ! ದನಿ ಕೇಳಿದ ಕೂಡ್ಲೇ ಹೆಂಗೆ ರೆಕ್ಕೆ ಆಡಿಸ್ತು ನೋಡು! ಮರೆತೇ ಇಲ್ಲ ಕಣೇ ನನ್ನ!’

‘ಮರೀತೈತೇನ್ರೀ, ಐದು ವರ್ಷ ಸಾಕೀರಿ’ ಎಂದು ಕೂಗಿ ಹೇಳಿ, ಶಿವಗಂಗಮ್ಮತ್ತೆ ಸೌತೆಕಾಯಿ ತಟ್ಟೆ ತೆಗೆದುಕೊಂಡು ಹಿತ್ತಿಲಿಗೆ ಹೋದರು.